ಮಣಿಕರಣ, ವಸಿಷ್ಠ, ತತ್ತಾಪಾನಿ, ಬದರಿ, ರಾಜಗೀರ್: ಬಿಸಿನೀರಿನ ಬುಗ್ಗೆಗೆ ನಮ್ಮ ಸೀಮೆಯಿಂದ ಹೊರಡುವವರು ಯಾವುದನ್ನು ಆರಿಸಬೇಕು?

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು ಕಡೆಯಿಂದ ಬೆಟ್ಟದ ಬಿಸಿನೀರಿನ ಬುಗ್ಗೆಗೆ ಹೊರಡುವ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಆಸೆ ಒಟ್ಟಿಗಿರುತ್ತವೆ. ಹಿರಿಯರಿಗೆ ಪುಣ್ಯಸ್ನಾನ, ಮಕ್ಕಳಿಗೆ ಹಿಮ, ನಡುವಿನವರಿಗೆ ಮಂಡಿ ಮತ್ತು ಸೊಂಟ ಒಂದಿಷ್ಟು ಹಗುರಾದರೆ ಸಾಕೆಂಬ ಆಸೆ. ಊರು ಗೊತ್ತುಮಾಡುವಾಗ ಎಲ್ಲರೂ ಮೊದಲು ಕೇಳುವುದು ‘ಎಲ್ಲಿ ನೀರು ಹೆಚ್ಚು ಬಿಸಿ?’ ಎಂದು. ಅದರಿಂದ ಏನೂ ತೀರ್ಮಾನವಾಗದು. ಹೆಸರಾದ ಬುಗ್ಗೆಗಳಲ್ಲೆಲ್ಲ ಮೈಗೆ ಬೇಕಾದ್ದಕ್ಕಿಂತ ಹೆಚ್ಚೇ ಬಿಸಿಯಿರುತ್ತದೆ. ನೀರಿನಿಂದ ಎದ್ದ ಮೇಲಿನ ಅರ್ಧ ಗಂಟೆ ಹೇಗಿರುತ್ತದೆ ಎಂದು ಕೇಳಿ. ಎಷ್ಟು ಚಳಿ, ಎಷ್ಟು ಮೆಟ್ಟಿಲು, ಎಷ್ಟು ಎತ್ತರ, ರೂಮು ಎಷ್ಟು ದೂರ? ಪ್ರವಾಸ ಕೆಡುವುದು ಆ ಅರ್ಧ ಗಂಟೆಯಲ್ಲೇ. ಇಲ್ಲಿನ ಹೋಲಿಕೆ ಅದನ್ನೇ ಮುಂದಿಟ್ಟುಕೊಂಡು ಮಾಡಿದ್ದು.

ನಮ್ಮಲ್ಲೇ ಯಾಕಿಲ್ಲ

ನಮ್ಮ ಸೀಮೆಯ ಬುಗ್ಗೆಗಳೆಲ್ಲ ತಣ್ಣನೆಯವು. ಕೋಲಾರದ ಅಂತರಗಂಗೆಯಲ್ಲಿ ಕಲ್ಲು ಬಸವನ ಬಾಯಿಂದ ಬೀಳುವ ನೀರೂ ದೇವರಾಯನದುರ್ಗದ ತಪ್ಪಲಿನ ನಾಮದ ಚಿಲುಮೆಯೂ ಮಳೆನೀರು ಬಂಡೆಯ ಸಂದಿಯಲ್ಲಿ ಇಳಿದು ಹೆಚ್ಚು ಆಳಕ್ಕೆ ಹೋಗದೆ ಈಚೆ ಬರುವಂಥವು. ನೀರು ಬಿಸಿಯಾಗಬೇಕಾದರೆ ತುಂಬ ಆಳಕ್ಕೆ ಇಳಿಯಬೇಕು, ಆಮೇಲೆ ತಣಿಯಲು ಪುರುಸೊತ್ತಿಲ್ಲದಂತೆ ಬಿರುಕು ಹಿಡಿದು ಮೇಲೆ ಬರಬೇಕು. ನಮ್ಮ ಕಾಲ ಕೆಳಗಿರುವುದು ಬಹಳ ಹಳೆಯ, ತಣಿದು ಗಟ್ಟಿಯಾದ ಬಂಡೆ. ಕೆಜಿಎಫ್ ಚಿನ್ನದ ಗಣಿ 3 ಕಿಲೋಮೀಟರ್‌ಗೂ ಹೆಚ್ಚು ಆಳ ಹೋಗಿತ್ತು. 2001ರಲ್ಲಿ ಗಣಿ ಮುಚ್ಚುವ ತನಕ ಕೆಳಗಿನ ಬಿಸಿಗೆ ತಣ್ಣನೆ ಗಾಳಿ ಕಳಿಸದೆ ಕೆಲಸ ಸಾಗುತ್ತಿರಲಿಲ್ಲ. ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದರೆ ಸಿಗುವ ಬಿಸಿ ಹಿಮಾಲಯದಲ್ಲಿ ಬಿರುಕುಗಳ ಮೂಲಕ ತಾನಾಗಿ ಮೇಲೆ ಬರುತ್ತದೆ. ರಾಜ್ಯದೊಳಗೆ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥವಿದೆ. ಅದರ ನೀರು ಮೈಬಿಸಿಯ ಆಸುಪಾಸಿನದು. ಆ ಕಡೆ ಹೋದಾಗ ನೋಡಬಹುದು, ಅದಕ್ಕೆಂದೇ ಹೊರಡಬೇಕಿಲ್ಲ.

ಎತ್ತರವನ್ನು ನಂದಿಬೆಟ್ಟದಿಂದ ಅಳೆಯಿರಿ

ನಂದಿಬೆಟ್ಟದ ನೆತ್ತಿ 1,478 ಮೀಟರ್. ನಮ್ಮವರಿಗೆ ಆ ಗಾಳಿ, ಆ ಚಳಿ ಗೊತ್ತು. ಮಣಿಕರಣ ಸುಮಾರು 1,760 ಮೀಟರ್, ಅಂದರೆ ನಂದಿಗಿಂತ ಮುನ್ನೂರು ಮೀಟರ್‌ನಷ್ಟೇ ಮೇಲೆ. ಮನಾಲಿ ಪಕ್ಕದ ವಸಿಷ್ಠ 2,000 ಮೀಟರ್ ಆಸುಪಾಸು. ಇವೆರಡೂ ಕಡೆ ಉಸಿರಿನ ತೊಂದರೆ ಸಾಮಾನ್ಯವಾಗಿ ಬಾರದು. ಬದರಿನಾಥ 3,100 ಮೀಟರ್ ದಾಟುತ್ತದೆ, ನಂದಿಯ ಎರಡು ಪಟ್ಟಿಗೂ ಮಿಗಿಲು, ಅಲ್ಲಿ ಲೆಕ್ಕವೇ ಬೇರೆ. ಶಿಮ್ಲಾ ಕೆಳಗಿನ ತತ್ತಾಪಾನಿ ಸುಮಾರು 650 ಮೀಟರ್, ಕೋಲಾರ ಪೇಟೆಗಿಂತಲೂ ತಗ್ಗು. ಬಿಹಾರದ ರಾಜಗೀರ್‌ನಲ್ಲಿ ಸುತ್ತ ಬೆಟ್ಟಗಳಿದ್ದರೂ ಬುಗ್ಗೆಗಳಿರುವುದು ಬಯಲಿಗೆ ತಾಗಿದ ಬುಡದಲ್ಲಿ, ಆದ್ದರಿಂದ ಎತ್ತರದ ಚಿಂತೆಯೇ ಇಲ್ಲ.

ಮಂಡಿಗೂ ಒಂದು ಅಳತೆಯಿದೆ. ಅಂತರಗಂಗೆಯ ಮೆಟ್ಟಿಲನ್ನು ಎರಡು ಮೂರು ಕಡೆ ಕೂತಾದರೂ ಹತ್ತಿ ಇಳಿಯುವವರು ಈ ಐದರಲ್ಲಿ ಯಾವುದಕ್ಕೂ ಹೋಗಬಹುದು. ಆಗದವರಿಗೆ ತತ್ತಾಪಾನಿ ಸುಲಭ, ನಿಧಾನಕ್ಕೆ ಹತ್ತುವವರಿಗೆ ರಾಜಗೀರ್ ಕೂಡ ಆಗುತ್ತದೆ. ಯಮುನೋತ್ರಿಯ ಸೂರ್ಯಕುಂಡ ಇವರ ಪಟ್ಟಿಯಲ್ಲಿ ಇರಲೇಬಾರದು. ಜಾನಕಿಚಟ್ಟಿಯಿಂದ ಐದಾರು ಕಿಲೋಮೀಟರ್ ಕಡಿದಾದ ದಾರಿ ಹತ್ತಿದ ಮೇಲೆ ಅದು ಸಿಗುವುದು.

ಮಣಿಕರಣ: ಇಡೀ ಊರೇ ಬಿಸಿನೀರಿನ ಮೇಲೆ

ಬುಗ್ಗೆಯ ಸುತ್ತ ಬೆಳೆದ ಹಳೆಯ ಊರನ್ನೇ ನೋಡಬೇಕೆನ್ನುವವರಿಗೆ ಮೊದಲ ಆಯ್ಕೆ ಇದು, ಅನುಮಾನವಿಲ್ಲ. ಹಿಮಾಚಲದ ಕುಲ್ಲು ಜಿಲ್ಲೆಯ ಪಾರ್ವತಿ ನದಿಯ ದಡದಲ್ಲಿದೆ. ಪಾರ್ವತಿ ಕಳೆದುಕೊಂಡ ಕಿವಿಯ ಮಣಿಯನ್ನು ಶೇಷನಾಗ ಬುಸುಗುಟ್ಟಿ ಮೇಲೆ ಚಿಮ್ಮಿಸಿದ, ನೀರೂ ಜೊತೆಗೆ ಚಿಮ್ಮಿತು ಎಂಬುದು ಸ್ಥಳಪುರಾಣ, ಹೆಸರೂ ಅದರಿಂದಲೇ. ಗುರುನಾನಕರು ಬಂದಿದ್ದರೆಂಬ ನಂಬಿಕೆಯಿಂದ ಸಿಖ್ಖರಿಗೂ ಇದು ಯಾತ್ರಾಸ್ಥಳ. ಗುರುದ್ವಾರ, ಶಿವನ ಗುಡಿ, ರಾಮನ ಗುಡಿ ಎಲ್ಲವೂ ಕೆಲವೇ ಹೆಜ್ಜೆಗಳ ಅಂತರದಲ್ಲಿವೆ.

ಒಂದು ಕುಂಡದಲ್ಲಿ ನೀರು ಕೊತಕೊತ ಕುದಿಯುತ್ತದೆ. ಬುಗ್ಗೆಯ ಬಿಸಿ 90 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಆ ಎತ್ತರದಲ್ಲಿ ನೀರು ಕುದಿಯುವುದೇ 94 ಡಿಗ್ರಿಯ ಹತ್ತಿರ, ಹಾಗಾಗಿ ಒಲೆಯ ಮೇಲಿನ ಎಸರಿಗೂ ಇದಕ್ಕೂ ವ್ಯತ್ಯಾಸವಿಲ್ಲ. ತೆಳು ಬಟ್ಟೆಯಲ್ಲಿ ಅಕ್ಕಿ ಅಥವಾ ಕಡಲೆ ಗಂಟುಕಟ್ಟಿ, ಉದ್ದ ದಾರದಲ್ಲಿ ಇಳಿಬಿಡುತ್ತಾರೆ. ಗಂಟಿನಲ್ಲಿ ಅಕ್ಕಿ ಅರ್ಧಕ್ಕಿಂತ ಹೆಚ್ಚಿರಬಾರದು. ಅನ್ನ ಅರಳಲು ಜಾಗ ಸಾಲದಿದ್ದರೆ ಹೊರಗಿನ ಪದರ ಮುದ್ದೆಯಾಗಿ ನಡುವಿನದು ನುಚ್ಚಾಗಿ ಉಳಿಯುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷ ಬೇಕು. ಕಡಲೆಯನ್ನು ರಾತ್ರಿಯೇ ನೆನೆಸಿರದಿದ್ದರೆ ಬೇಯುವುದಿಲ್ಲ. ದಾರದ ತುದಿಯನ್ನು ಕಂಬಿಗೆ ಕಟ್ಟಿಬಿಡಿ. ಕೈಯಲ್ಲಿ ಹಿಡಿದು ಬಾಗಿ ನಿಂತರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಮಕ್ಕಳನ್ನು ಅಲ್ಲಿ ಕೈಬಿಡಲೇಬೇಡಿ, ಇಂಥ ನೀರು ಒಂದು ಕ್ಷಣ ತಾಗಿದರೂ ಚರ್ಮ ಸುಲಿಯುತ್ತದೆ. ಗುರುದ್ವಾರದ ಲಂಗರಿನ, ಅಂದರೆ ಸಾಮೂಹಿಕ ಊಟದ, ಅಡುಗೆಗೂ ಇದೇ ಬಿಸಿ ಬಳಕೆಯಾಗುತ್ತದೆ. ತಲೆಗೆ ಬಟ್ಟೆ ಸುತ್ತಿ, ಚಪ್ಪಲಿ ಬಿಟ್ಟು ಒಳಗೆ ಹೋದರೆ ಯಾರಿಗಾದರೂ ಊಟ ಸಿಗುತ್ತದೆ. ಬುಗ್ಗೆಯ ಬಳಿ ನೆಲದ ಕಲ್ಲೂ ಕಾದಿರುತ್ತದೆ, ದಪ್ಪ ಕಾಲುಚೀಲ ಇದ್ದರೆ ಒಳ್ಳೆಯದು.

ಸ್ನಾನ ಮಾಡುವುದು ಆ ಕುಂಡದಲ್ಲಲ್ಲ. ತಣ್ಣೀರು ಬೆರೆಸಿ ಹದ ಮಾಡಿದ ಕೊಳಗಳು ಬೇರೆಯಿವೆ, ಗಂಡಸರಿಗೂ ಹೆಂಗಸರಿಗೂ ಪ್ರತ್ಯೇಕ. ಹದ ದಿನವೂ ಒಂದೇ ಇರುವುದಿಲ್ಲ, ಬೆಳಗಿನ ಜಾವ ಸುಡುವ ಕೊಳ ಜನ ಹೆಚ್ಚಾದ ಹೊತ್ತಿಗೆ ಬೆಚ್ಚಗಾಗಿರಬಹುದು. ಮೊದಲು ಕಾಲಿಟ್ಟು ನೋಡಿಯೇ ಇಳಿಯಿರಿ. ಪಕ್ಕದ ನದಿಗೆ ಇಳಿಯುವ ಆಸೆ ಬೇಡ. ಅದು ಹಿಮ ಕರಗಿದ ನೀರು, ಸೆಳೆತ ಜೋರು, ಬಂಡೆ ಜಾರುತ್ತದೆ.

ತೊಂದರೆಯಿರುವುದು ದಾರಿಯಲ್ಲಿ. ಕುಲ್ಲು ಬಳಿಯ ಭುಂತರ್‌ನಿಂದ ಕಣಿವೆಯೊಳಗೆ ಸುಮಾರು 35 ಕಿಲೋಮೀಟರ್ ದಾರಿ ಕಿರಿದು. ಎರಡು ಬಸ್ಸು ಎದುರಾದರೆ ಒಂದು ಹಿಂದೆ ಸರಿಯಬೇಕು. ಒಂದೂವರೆ ಗಂಟೆ ಎಂದವರ ಮಾತು ನಂಬಿ ಸಂಜೆಯ ಬಸ್ಸಿಗೋ ವಿಮಾನಕ್ಕೋ ಟಿಕೆಟ್ ಮಾಡಿಸಬೇಡಿ. ರಜಾದಿನಗಳಲ್ಲಿ 4 ಕಿಲೋಮೀಟರ್ ಮುಂಚಿನ ಕಸೋಲ್‌ನಲ್ಲೇ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಬೆಳಗ್ಗೆ ಎಂಟರೊಳಗೆ ಭುಂತರ್ ಬಿಟ್ಟರೆ ದಾರಿ ಸಲೀಸು. ವಾಹನ ಸೇತುವೆಯ ಈಚೆಗೇ ನಿಲ್ಲುತ್ತದೆ, ಅಲ್ಲಿಂದ ಹೊಳೆ ದಾಟಿ ನಡೆಯಬೇಕು, ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಹೋಗುವ ಜಾಗವಲ್ಲ. ಒಂದೇ ದಿನದಲ್ಲಿ ನೋಡಿ ಓಡುವವರಿಗೆ ಸಿಗುವುದು ಜನಜಂಗುಳಿ ಮಾತ್ರ. ಒಂದು ರಾತ್ರಿ ಉಳಿದು, ಬೆಳಗ್ಗೆ ಐದೂವರೆ, ಆರಕ್ಕೆ ಸ್ನಾನ ಮಾಡಿ ನೇರ ರೂಮಿಗೆ ಹೋಗಿ ಒಂದು ಗಂಟೆ ಹೊದ್ದು ಮಲಗಿದವರಿಗೇ ಈ ಊರಿನ ಸುಖ ಗೊತ್ತಾಗುವುದು.

ವಸಿಷ್ಠ: ಮಕ್ಕಳಿರುವ ಮನೆಗೆ

ಮನಾಲಿಯಿಂದ ಬಿಯಾಸ್ ನದಿ ದಾಟಿ ಸುಮಾರು 3 ಕಿಲೋಮೀಟರ್ ಮೇಲಿರುವ ಹಳ್ಳಿ. ವಸಿಷ್ಠರ ಗುಡಿಗೆ ಮರದ ಕೆತ್ತನೆ, ಪಕ್ಕದಲ್ಲೇ ಕಲ್ಲು ಕಟ್ಟಿದ ಕೊಳಗಳು, ಇಲ್ಲೂ ಗಂಡಸರದು ಹೆಂಗಸರದು ಬೇರೆ ಬೇರೆ. ನೀರಿಗೆ ಗಂಧಕದ ವಾಸನೆಯಿದೆ. ಬಿಸಿ ಮಣಿಕರಣದ ಬುಗ್ಗೆಗಿಂತ ತುಂಬ ಕಡಿಮೆ, ಆದರೆ ನಮ್ಮ ಬಚ್ಚಲಿನ ಹಂಡೆ ನೀರಿಗೆ ತಣ್ಣೀರು ಬೆರೆಸದೆ ಮೊಗೆದುಕೊಂಡಂತೆ ಮೊದಲು ಚುರ್ರೆನ್ನುತ್ತದೆ. ಹೊರಗಿನ ಕೊಳವಿಯ ಕೆಳಗೆ ಮೈ ತೊಳೆದುಕೊಂಡು ಆಮೇಲೆ ಕೊಳಕ್ಕೆ ಇಳಿಯುವುದು ಮರ್ಯಾದೆ. ಕೊಳದೊಳಗೆ ಸೋಪು, ಶಾಂಪೂ ಬೇಡ.

ಇದರ ಅನುಕೂಲವೆಂದರೆ ಮಿಕ್ಕದ್ದೆಲ್ಲ ಹತ್ತಿರವಿರುವುದು. ಆಸ್ಪತ್ರೆ, ಔಷಧ ಅಂಗಡಿ, ಎಲ್ಲ ದರದ ರೂಮು ಮನಾಲಿಯಲ್ಲಿವೆ, ಆಟೋ ಗುಡಿಯ ಹತ್ತಿರದವರೆಗೂ ಬರುತ್ತದೆ. ಬೆಳಗ್ಗೆ ಹಿಮ ನೋಡಿ ಬಂದ ಮಕ್ಕಳನ್ನು ಸಂಜೆ ಕೊಳಕ್ಕೆ ಕರೆದುಕೊಂಡು ಹೋಗುವ ಸುಖ ಬೇರೆ ಯಾವ ಕಡೆಯೂ ಇಷ್ಟು ಸುಲಭವಲ್ಲ. ಕೊಳ ಚಿಕ್ಕದು, ಮಧ್ಯಾಹ್ನದ ಹೊತ್ತಿಗೆ ನೀರು ಕದಡಿರುತ್ತದೆ, ಇದೊಂದು ಕೊರತೆ. ಬೆಳಗ್ಗೆ ಬೇಗ ಹೋಗಿ.

ಮಣಿಕರಣ, ವಸಿಷ್ಠ ಎರಡನ್ನೂ ಸೇರಿಸಬಹುದು. ನಡುವೆ ಸುಮಾರು 85 ಕಿಲೋಮೀಟರ್, ಮೂರರಿಂದ ನಾಲ್ಕು ಗಂಟೆ. ಒಟ್ಟು ಏಳು ದಿನ ಇಟ್ಟುಕೊಳ್ಳಿ. ಐದೇ ದಿನವಿದ್ದರೆ ಒಂದನ್ನೇ ಆರಿಸಿ.

ತತ್ತಾಪಾನಿ

ಶಿಮ್ಲಾದಿಂದ 50 ಕಿಲೋಮೀಟರ್‌ನಷ್ಟು ಕೆಳಗೆ, ಸಟ್ಲೆಜ್ ದಡದಲ್ಲಿದೆ. ಹಳೆಯ ಫೋಟೊ ನೋಡಿ ಹೊಳೆಯ ಮರಳಿನಲ್ಲಿ ಬಿಸಿನೀರು ಉಕ್ಕುತ್ತದೆಂದು ಹೋಗಬೇಡಿ. ಕೋಲ್ ಡ್ಯಾಂ ಕಟ್ಟಿದ ಮೇಲೆ ಹಿನ್ನೀರಿನಲ್ಲಿ ಆ ಬುಗ್ಗೆಗಳು ಮುಳುಗಿಹೋದವು. ಈಗ ಬಿಸಿನೀರನ್ನು ಮೇಲೆತ್ತಿ ತೊಟ್ಟಿಗಳಿಗೆ, ಸ್ನಾನದ ಮನೆಗಳಿಗೆ ಬಿಡುತ್ತಾರೆ. ಮಂಡಿನೋವಿನವರಿಗೆ ಇದೇ ಅನುಕೂಲ: ಹೆಚ್ಚು ಇಳಿಯಬೇಕಿಲ್ಲ, ಬಾಗಿಲು ಹಾಕಿಕೊಂಡು ಸಾವಕಾಶವಾಗಿ ಮಾಡಬಹುದು, ಹೊರಗೆ ಬಂದರೆ ಮೈ ಕೊರೆಯುವ ಚಳಿಯಿಲ್ಲ. ಮಕರ ಸಂಕ್ರಾಂತಿಯ ದಿನ ಇಲ್ಲಿ ದೊಡ್ಡ ಸ್ನಾನ, ಕಿಚಡಿ ದಾನ. 2020ರ ಸಂಕ್ರಾಂತಿಗೆ 1,995 ಕಿಲೋ ಕಿಚಡಿ ಒಂದೇ ಪಾತ್ರೆಯಲ್ಲಿ ಬೇಯಿಸಿ ಗಿನ್ನೆಸ್ ದಾಖಲೆ ಮಾಡಿದ್ದರು. ಶಿಮ್ಲಾಕ್ಕೆ ಹೇಗೂ ಹೋಗುವವರು ಒಂದು ದಿನ ಸೇರಿಸಿಕೊಳ್ಳಿ, ಇದಕ್ಕೆಂದೇ ಇಲ್ಲಿಂದ ಹೊರಡುವುದು ದೂರವಾಯಿತು.

ಬದರಿಯ ತಪ್ತಕುಂಡ

ಇದು ಯಾತ್ರೆ. ಸ್ನಾನ ದರ್ಶನಕ್ಕೆ ಮುಂಚಿನ ಮೆಟ್ಟಿಲಷ್ಟೇ, ಮಂಡಿ ಕಾಯಿಸಿಕೊಳ್ಳಲು ಇಲ್ಲಿಗೆ ಬರುವುದು ತಪ್ಪು ಲೆಕ್ಕ. ಮಧ್ವಾಚಾರ್ಯರು ಹೋದ ಬದರಿ, ಕೇರಳದ ನಂಬೂದಿರಿ ರಾವಲರು ಪೂಜೆ ಮಾಡುವ ಬದರಿ ಎಂಬ ಅಕ್ಕರೆ ನಮ್ಮವರಿಗಿದೆ, ಅದು ಸಹಜ. ಆದರೆ ಗುಡಿ ತೆರೆದಿರುವುದು ಏಪ್ರಿಲ್ ಕೊನೆ ಅಥವಾ ಮೇಯಿಂದ ನವೆಂಬರ್‌ವರೆಗೆ ಮಾತ್ರ. ಚಾರ್‌ಧಾಮ್ ನೋಂದಣಿ ಮೊದಲೇ ಮಾಡಿಸಿರಬೇಕು. ಋಷಿಕೇಶದಿಂದ ಸುಮಾರು 300 ಕಿಲೋಮೀಟರ್ ಬೆಟ್ಟದ ದಾರಿ.

ಮುಖ್ಯ ತಪ್ಪು ನಡೆಯುವುದು ಜೋಶಿಮಠದಲ್ಲಿ. ಅದು 1,900 ಮೀಟರ್ ಸಮೀಪ, ಬದರಿ 3,100ಕ್ಕೂ ಮೇಲೆ, ನಡುವೆ 45 ಕಿಲೋಮೀಟರ್. ಬೆಳಗ್ಗೆ ಋಷಿಕೇಶ ಬಿಟ್ಟು ರಾತ್ರಿ ನೇರ ಬದರಿಯಲ್ಲಿ ಇಳಿದವರಿಗೆ ತಲೆನೋವು, ವಾಕರಿಕೆ, ನಿದ್ದೆಯಿಲ್ಲದ ರಾತ್ರಿ. ಮಾರನೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ 45 ಡಿಗ್ರಿಗೂ ಮೇಲಿನ ನೀರಿಗೆ ಇಳಿದು, ಸೊನ್ನೆಯ ಹತ್ತಿರದ ಗಾಳಿಗೆ ಎದ್ದರೆ ತಲೆ ಸುತ್ತದೆ ಇರುವುದೇ? ಜೋಶಿಮಠದಲ್ಲಿ ಒಂದು ರಾತ್ರಿ ತಂಗಿ, ಬೆಳಗ್ಗೆ ಮೇಲೆ ಹೋಗಿ, ಹಗಲು ಬಿಸಿಲೇರಿದ ಮೇಲೆ ಸ್ನಾನ ಮಾಡಿ. ಕುಂಡಕ್ಕೆ ಇಳಿಯಲೇಬೇಕೆಂದಿಲ್ಲ, ಚೊಂಬಿನಲ್ಲಿ ಮೊಗೆದು ಕಾಲಿಂದ ಮೇಲಕ್ಕೆ ಹೊಯ್ದುಕೊಂಡರೂ ಸ್ನಾನವೇ. ಹೃದ್ರೋಗ, ಉಬ್ಬಸ ಇರುವವರು ಹೊರಡುವ ಮೊದಲು ವೈದ್ಯರ ಒಪ್ಪಿಗೆ ಪಡೆಯಲೇಬೇಕು.

ರಾಜಗೀರ್: ಹಿರಿಯರಿಗೆ ನಮ್ಮ ಶಿಫಾರಸು

ನಮ್ಮವರು ಮರೆತೇಬಿಡುವ ಊರು ಇದು. ಮಗಧದ ಹಳೆಯ ರಾಜಧಾನಿ ರಾಜಗೃಹ. ವೈಭಾರ ಬೆಟ್ಟದ ಬುಡದಲ್ಲಿ ಬ್ರಹ್ಮಕುಂಡ, ಸಪ್ತಧಾರೆ, ನೀರು 45 ಡಿಗ್ರಿ ಆಸುಪಾಸು. ಇತಿಹಾಸದಲ್ಲಿ ಈ ಐದರಲ್ಲಿ ಇದಕ್ಕೆ ಸಾಟಿಯಿಲ್ಲ. ಇಲ್ಲಿನ ಬಿಸಿನೀರಿನ ಹೆಸರು ಬೌದ್ಧರ ಹಳೆಯ ಪಾಳಿ ಬರಹಗಳಲ್ಲಿ ‘ತಪೋದಾ’. ಭಿಕ್ಷುಗಳು ಹೊತ್ತು ಗೊತ್ತಿಲ್ಲದೆ ಮೀಯುತ್ತಿದ್ದರಂತೆ. ಸ್ನಾನಕ್ಕೆ ಬಂದ ಬಿಂಬಿಸಾರ ದೊರೆ ಅವರು ಮುಗಿಸಲೆಂದು ಕತ್ತಲಾಗುವ ತನಕ ಕಾದ. ಅಷ್ಟರಲ್ಲಿ ಕೋಟೆಯ ಬಾಗಿಲು ಮುಚ್ಚಿ, ರಾತ್ರಿಯೆಲ್ಲ ಊರ ಹೊರಗೇ ಕಳೆಯಬೇಕಾಯಿತು. ಹದಿನೈದು ದಿನಕ್ಕೊಮ್ಮೆ ಮಾತ್ರ ಸ್ನಾನ ಎಂಬ ನಿಯಮವನ್ನು ಬುದ್ಧ ಇದರಿಂದಲೇ ಮಾಡಿದನೆಂದು ಭಿಕ್ಷುಗಳ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿದೆ. ಬೇಸಿಗೆ, ಕಾಯಿಲೆ ಮೊದಲಾದವಕ್ಕೆ ಆಮೇಲೆ ವಿನಾಯಿತಿ ಬಂತು. ನೂಕುನುಗ್ಗಲು ಈ ಕುಂಡಕ್ಕೆ ಹೊಸದಲ್ಲ.

ನಾಳಂದಾ ಹದಿನೈದು ಕಿಲೋಮೀಟರ್ ಒಳಗೇ ಇದೆ, ಬೋಧಗಯಾ, ಗಯಾ ಸೇರಿಸಿಕೊಳ್ಳಬಹುದು, ಪಿತೃಕಾರ್ಯಕ್ಕೆ ಗಯೆಗೆ ಹೋಗುವ ಮನೆಯವರಿಗೆ ಒಂದೇ ಓಡಾಟದಲ್ಲಿ ಎರಡೂ ಆಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಹೇಳಿಮಾಡಿಸಿದ ಕಾಲ. ಏಪ್ರಿಲ್, ಮೇ ಬಿಸಿಲಿನಲ್ಲಿ ಬಿಸಿನೀರಿನ ಸ್ನಾನ ಶಿಕ್ಷೆ. ಅಧಿಕಮಾಸದಲ್ಲಿ ಇಲ್ಲಿ ಮಲಮಾಸ ಮೇಳ, ಆ ತಿಂಗಳು ಹಿರಿಯರನ್ನು ಕರೆದುಕೊಂಡು ಹೋಗಬೇಡಿ. ರಸ್ತೆಯಿಂದ ಕುಂಡಕ್ಕೆ ಮೆಟ್ಟಿಲುಗಳಿವೆ, ಒದ್ದೆಯಾಗಿ ನುಣುಪಾಗಿವೆ. ಪಂಡರು ದಕ್ಷಿಣೆ ಕೇಳುತ್ತಾರೆ, ಪೂಜೆ ಬೇಕಿದ್ದರೆ ಮೊದಲೇ ಇಷ್ಟು ಎಂದು ಮಾತಾಡಿಕೊಳ್ಳಿ, ಬೇಡದಿದ್ದರೆ ಕೈಮುಗಿದು ಮುಂದೆ ನಡೆಯಿರಿ. ನಿಂತ ನೀರಿನ ಬ್ರಹ್ಮಕುಂಡಕ್ಕಿಂತ ಹರಿದು ಬೀಳುವ ಧಾರೆಯ ಕೆಳಗಿನ ಸ್ನಾನ ಶುಚಿ. ಅದನ್ನೇ ಆರಿಸಿ.

ಹೊರಡುವ ದಾರಿ, ಹೊರಡುವ ತಿಂಗಳು

ಚಿಕ್ಕಬಳ್ಳಾಪುರದವರಿಗೆ ದೇವನಹಳ್ಳಿ ವಿಮಾನ ನಿಲ್ದಾಣ ಮನೆಬಾಗಿಲಲ್ಲೇ ಇದ್ದಂತೆ. ಹಿಮಾಚಲಕ್ಕೆ ಚಂಡೀಗಢಕ್ಕೆ ಹಾರಿ, ಅಲ್ಲಿಂದ ಮಣಿಕರಣಕ್ಕೆ ಸುಮಾರು 300 ಕಿಲೋಮೀಟರ್ ರಸ್ತೆ, ಎಂಟೊಂಬತ್ತು ಗಂಟೆ. ಭುಂತರ್‌ನಲ್ಲೂ ಪುಟ್ಟ ವಿಮಾನ ನಿಲ್ದಾಣವಿದೆ, ಮೋಡ ಕವಿದರೆ ವಿಮಾನ ರದ್ದಾಗುತ್ತದೆ, ಅದನ್ನೇ ನಂಬಿಕೊಳ್ಳಬೇಡಿ. ಬದರಿಗೆ ಡೆಹ್ರಾಡೂನ್, ರಾಜಗೀರ್‌ಗೆ ಪಟ್ನಾ, ಅಲ್ಲಿಂದ ರಸ್ತೆಯಲ್ಲಿ ನೂರು ಕಿಲೋಮೀಟರ್ ಸುಮಾರು. ರೈಲು ಬೇಕೆನ್ನುವ ತುಮಕೂರಿನವರಿಗೆ ಯಶವಂತಪುರ–ಚಂಡೀಗಢ ಸಂಪರ್ಕ ಕ್ರಾಂತಿ ತಮ್ಮ ಊರಿನ ಮೇಲೆಯೇ ಹೋಗುತ್ತದೆ, ಆದರೆ ದಿನಾ ಇಲ್ಲ. ಕೋಲಾರದವರಿಗೆ ಬಿಹಾರದ ಕಡೆಗೆ ಬಂಗಾರಪೇಟೆ ಮಾರ್ಗದ ಸಂಘಮಿತ್ರ ಅನುಕೂಲ, ಸುಮಾರು ಎರಡು ದಿನದ ಪ್ರಯಾಣ.

ಹಿಮಾಚಲ, ಉತ್ತರಾಖಂಡ ಎರಡಕ್ಕೂ ಜುಲೈಯಿಂದ ಸೆಪ್ಟೆಂಬರ್ ನಡುವಿನವರೆಗೆ ಹೋಗಲೇಬೇಡಿ. ಗುಡ್ಡ ಕುಸಿದು ದಾರಿ ಮುಚ್ಚುತ್ತದೆ. 2023ರ ಜುಲೈಯಲ್ಲಿ ಕುಲ್ಲು–ಮನಾಲಿ ಹೆದ್ದಾರಿಯೇ ಹಲವು ಕಡೆ ಕೊಚ್ಚಿಹೋಗಿತ್ತು. ನಮ್ಮ ದಸರಾ ರಜೆಯಲ್ಲಿ ಹೋಗುವವರಿಗೆ ಇನ್ನೊಂದು ಎಚ್ಚರ. ನಮ್ಮ ದಸರಾ ಮುಗಿಯುವ ವಿಜಯದಶಮಿಯಂದು ಕುಲ್ಲು ದಸರಾ ಶುರುವಾಗುತ್ತದೆ, ಏಳು ದಿನ ನಡೆಯುತ್ತದೆ. ಕಣಿವೆಯ ದೇವರುಗಳೆಲ್ಲ ಪಲ್ಲಕ್ಕಿಯಲ್ಲಿ ಬರುವ ಆ ಉತ್ಸವ ನೋಡುವಂಥದ್ದೇ. ಆದರೆ ಕುಲ್ಲು, ಭುಂತರ್‌ನಲ್ಲಿ ರೂಮು ಮೊದಲೇ ಹಿಡಿದಿರಬೇಕು.

ನೀರಿಗೆ ಇಳಿಯುವ ಕ್ರಮ

ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಡ, ಮೊದಲ ದಿನ ಎಂಟು ಹತ್ತು ನಿಮಿಷ ಸಾಕು. ಕಾಲು, ಮಂಡಿ, ಸೊಂಟ, ಭುಜ, ಹೀಗೆ ಒಂದೊಂದಾಗಿ ಒದ್ದೆಯಾಗಲಿ. ಬಿಸಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿದಿರುತ್ತದೆ, ದಿಢೀರನೆ ಎದ್ದರೆ ಕಣ್ಣು ಕತ್ತಲೆ ಬಂದು ಕಲ್ಲಿನ ಮೇಲೆ ಬೀಳುತ್ತಾರೆ. ಎದ್ದು ಮೆಟ್ಟಿಲ ಮೇಲೆ ಎರಡು ನಿಮಿಷ ಕೂತು, ಆಮೇಲೆ ನಿಲ್ಲಿ. ಬಿಪಿ ಮಾತ್ರೆ ನುಂಗುವವರ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಹಳೆಯ ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಬಿಸಿ ತಿಳಿಯುವುದಿಲ್ಲ, ಸುಟ್ಟು ಬೊಬ್ಬೆ ಬಂದದ್ದು ಸಂಜೆಗೆ ಕಾಣುತ್ತದೆ. ನೀರಿನ ಹದವನ್ನು ಇವರಿಗೆ ಬೇರೆಯವರು ಮೊಣಕೈ ಅದ್ದಿ ನೋಡಿ ಹೇಳಲಿ. ಬಸುರಿಯರು ಬಿಸಿ ಕುಂಡಕ್ಕೆ ಇಳಿಯಬಾರದು.

ಯುಗಾದಿ, ದೀಪಾವಳಿಯ ಅಭ್ಯಾಸದಿಂದ ಎಣ್ಣೆ ಹಚ್ಚಿಕೊಂಡು ಇಳಿಯಬೇಡಿ. ಕೊಳದ ನೆಲ ಮೊದಲೇ ಪಾಚಿ, ಎಣ್ಣೆ ಸೇರಿದರೆ ಹಿಂದೆ ಬಂದವರು ಜಾರುತ್ತಾರೆ. ಮೂರು ಮುಳುಗು ಹಾಕುವವರು ಮೂಗು ಬಿಗಿಯಾಗಿ ಹಿಡಿದುಕೊಳ್ಳಿ. ಬೆಚ್ಚನೆಯ ನೀರಿನಲ್ಲಿ ಬದುಕುವ ಒಂದು ಅಮೀಬಾ ಮೂಗಿನ ಮೂಲಕ ಮಿದುಳಿಗೆ ಏರಬಲ್ಲದು, ಅಪರೂಪವಾದರೂ ಬಂದರೆ ಉಳಿಯುವುದು ಕಷ್ಟ. ಚೊಂಬಿನಲ್ಲಿ ಹೊಯ್ದುಕೊಂಡರೆ ಆ ಭಯ ತುಂಬ ಕಡಿಮೆ.

ಮಂಡಿನೋವಿನ ಬಗ್ಗೆ ನೇರವಾಗಿ ಹೇಳಬೇಕು. ಬಿಸಿಗೆ ಬಿಗಿತ ಸಡಿಲವಾಗಿ ಕೆಲವು ಗಂಟೆ ಹಾಯೆನಿಸುತ್ತದೆ, ಸವೆದ ಕೀಲು ಮರಳಿ ಬರುವುದಿಲ್ಲ. ಬಾಗೇಪಲ್ಲಿ, ಪಾವಗಡ ಸೀಮೆಯಲ್ಲಿ ಎಷ್ಟೋ ಜನರ ಕೀಲುನೋವಿಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕಾರಣ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಆಳದ ಬಂಡೆಯಿಂದ ಬರುವ ಬಿಸಿನೀರಿನಲ್ಲೂ ಫ್ಲೋರೈಡ್ ಹೆಚ್ಚಾಗಿರುವುದು ಸಾಮಾನ್ಯ. ಔಷಧವೆಂದು ಅದನ್ನು ಕ್ಯಾನಿನಲ್ಲಿ ತುಂಬಿ ತಂದು ತಿಂಗಳಿಡೀ ಕುಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೀರ್ಥವೆಂದು ಒಂದು ಉದ್ಧರಣೆಯಷ್ಟಕ್ಕೆ ನಿಲ್ಲಿಸಿ.

ಚೀಲದಲ್ಲಿ ಇರಬೇಕಾದ್ದು: ಒಣಗಿದ ಎರಡು ಹತ್ತಿ ಟವೆಲ್, ಒಂದು ಮೈಗೆ, ಒಂದು ತಲೆಗೆ. ಕಿವಿ ಮುಚ್ಚುವ ಉಣ್ಣೆ ಟೋಪಿ, ಹಿಡಿತವಿರುವ ರಬ್ಬರ್ ಚಪ್ಪಲಿ, ಒದ್ದೆ ಬಟ್ಟೆಗೆ ಪ್ಲಾಸ್ಟಿಕ್ ಚೀಲ, ಸಣ್ಣ ಚೊಂಬು, ಕುಡಿಯುವ ನೀರು, ಎರಡು ಬಾಳೆಹಣ್ಣು. ಗಂಡಸರಿಗೆ ತೆಳು ಪಂಚೆ, ಹೆಂಗಸರಿಗೆ ಹತ್ತಿಯ ನೈಟಿ ಅಥವಾ ಚೂಡಿದಾರ ಒಳ್ಳೆಯದು. ಸೀರೆ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡರೆ ಮೆಟ್ಟಿಲು ಹತ್ತುವಾಗ ಎಡವುತ್ತದೆ. ವಸಿಷ್ಠದಂಥ ಗಂಧಕದ ನೀರಿಗೆ ಬೆಳ್ಳಿ ಕಾಲುಂಗುರ, ಗೆಜ್ಜೆ, ಉಡಿದಾರ ಕಪ್ಪಾಗುತ್ತವೆ. ತೆಗೆಯಬಹುದಾದ್ದನ್ನು ರೂಮಿನಲ್ಲೇ ಬಿಡಿ. ಕಾಲುಂಗುರ ತೆಗೆಯಲು ಮನಸ್ಸಿಲ್ಲದವರು ಊರಿಗೆ ಬಂದ ಮೇಲೆ ಒಣ ವಿಭೂತಿ ಹಚ್ಚಿ ಮೆತ್ತನೆ ಬಟ್ಟೆಯಲ್ಲಿ ಉಜ್ಜಿದರೆ ಹೊಳಪು ಮರಳುತ್ತದೆ.